ಬೋರ್ಡಿಗೆ ಮಸಿ ಬಳಿದವರೇ, ವಿಷದ ಡಬ್ಬಿಯನ್ನೂ ಓದಿ!

ಹೋದ ವರ್ಷದ ಆಷಾಢ. ಜಿಟಿಜಿಟಿ ಮಳೆ. ನಾಗರಬಾವಿಯ ನನ್ನ ಪ್ರೆಸ್ಸಿನ ಷಟರ್ ಅರ್ಧ ಎಳೆದಿದ್ದೆ. ಹತ್ತಿರದ ಹೋಟೆಲಿನಲ್ಲಿ ದೋಸೆ ಹುಯ್ಯುವ ಹುಡುಗನೊಬ್ಬ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಕಟ್ಟು ಕಾಗದ ಹಿಡಿದು ಒಳಗೆ ಬಂದ. ಕಾಸರಗೋಡಿನ ಪೆರ್ಲದ ಕಡೆಯವನು.

"ಅಣ್ಣಾ, ಇದೆಲ್ಲ ಎರಡೆರಡು ಜೆರಾಕ್ಸ್ ಬೇಕಿತ್ತು."

ಅವನ ಅಕ್ಕನ ಕಾಗದಗಳು. ಅಕ್ಕನಿಗೆ ಮೂವತ್ತು ದಾಟಿದೆ. ನಡೆಯಲಾರಳು, ಮಾತು ಬಾರದು. ತಾಯಿ ಇಂದಿಗೂ ಅವಳನ್ನು ಎತ್ತಿಕೊಂಡೇ ಸ್ನಾನ ಮಾಡಿಸುತ್ತಾಳೆ. ಕಾಗದ ತಿರುವಿ ನೋಡಿದೆ. ಒಂದಷ್ಟು ಇಂಗ್ಲಿಷು, ಉಳಿದದ್ದೆಲ್ಲ ಮಲಯಾಳಂ.

"ಏನಪ್ಪಾ ಬರೆದಿದ್ದಾರೆ ಇದರಲ್ಲಿ?"

"ಗೊತ್ತಿಲ್ಲ ಅಣ್ಣ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಅಪ್ಪನೂ ಹಾಗೆಯೇ. ಅವರು ತೋರಿಸಿದಲ್ಲಿ ಸೈನು ಹಾಕಿದ್ದಾರೆ."

ಗೆಳೆಯರೇ, ಇಪ್ಪತ್ತೈದು ವರ್ಷದಿಂದ ಕನ್ನಡದ ಕರಪತ್ರ ಅಚ್ಚು ಹಾಕುತ್ತಿದ್ದೇನೆ. ರಾಜ್ಯೋತ್ಸವದ ಬ್ಯಾನರು, ಬಂದ್‌ನ ಪೋಸ್ಟರು, ಧಿಕ್ಕಾರದ ಭಿತ್ತಿಪತ್ರ ಎಲ್ಲ ಮಾಡಿದ್ದೇನೆ. ಆದರೆ ಅಂದು ಆ ಹುಡುಗನ ಮುಂದೆ ನಾನು ತಲೆ ತಗ್ಗಿಸಿದೆ. ತನ್ನ ಮಗಳ ಕಾಯಿಲೆಯ ಬಗ್ಗೆ ತಾನೇ ಸಹಿ ಹಾಕಿದ ಕಾಗದವನ್ನು ಒಬ್ಬ ಕನ್ನಡಿಗ ಓದಲಾರ ಎಂದರೆ ನಮ್ಮ ಭಾಷಾ ಹೋರಾಟ ಇಷ್ಟು ದಿನ ಮಾಡಿದ್ದೇನು?

ಸ್ವರ್ಗದ ಮೇಲೆ ಸುರಿದ ವಿಷ

ನಿಮ್ಮಲ್ಲಿ ಅನೇಕರು 2000ದ ಆಚೀಚೆ ಹುಟ್ಟಿದವರು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಕಾಸರಗೋಡಿನ ಎಣ್ಮಕಜೆ ಪಂಚಾಯತಿಯಲ್ಲಿ ಪಡ್ರೆ ಎಂಬ ಗ್ರಾಮವಿದೆ. ಅಲ್ಲೊಂದು ಊರಿನ ಹೆಸರೇ ಸ್ವರ್ಗ. ಗುಡ್ಡ ಕೊರೆದ ಸುರಂಗದಿಂದ, ಗುಡ್ಡದಿಂದಿಳಿಯುವ ತೋಡಿನಿಂದ ನೀರು ಕುಡಿಯುವ ಜನ. ಮನೆಯಲ್ಲಿ ತುಳು, ಹವ್ಯಕ, ಕರಾಡ, ಏನೇ ಮಾತಾಡಲಿ, ಶಾಲೆಗೂ ಕಾಗದಕ್ಕೂ ಅವರಿಗೆ ಕನ್ನಡವೇ. 1956ರ ನವೆಂಬರ್ 1ರಂದು ನಾವಿಲ್ಲಿ ಒಂದಾದೆವೆಂದು ಹಿಗ್ಗಿದ ದಿನವೇ ಇವರು ಕೇರಳಕ್ಕೆ ಸೇರಿಹೋದರು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿತು. ಆ ವರದಿ ಧೂಳು ತಿಂದಿತು. ಜನ ವಿಷ ಕುಡಿದರು.

ಸುತ್ತಲ ಗುಡ್ಡಗಳ ನೆತ್ತಿಯ ಮೇಲೆ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್‌ನ ಗೇರು ತೋಟಗಳು. ಜಿಲ್ಲೆಯಲ್ಲಿ ಒಟ್ಟು ಸುಮಾರು 4,600 ಹೆಕ್ಟೇರ್. ಗೇರಿನ ಚಿಗುರು ಹೀರುವ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೋಟ ಮೇಲೆ, ಮನೆ ಕೆಳಗೆ. ಎಲೆಯ ಮೇಲೆ ಬಿದ್ದದ್ದು ಮಳೆಯಲ್ಲಿ ತೊಳೆದು ಎಲ್ಲಿಗೆ ಇಳಿಯುತ್ತದೆಂದು ತಿಳಿಯಲು ವಿಜ್ಞಾನಿಯೇ ಬೇಕೇ?

ಕರು ವಿಕಾರವಾಗಿ ಹುಟ್ಟಿತು. ಜೇನು ಸತ್ತಿತು. ಆಮೇಲೆ ಮನುಷ್ಯರ ಸರದಿ. ಬುದ್ಧಿ ಬೆಳೆಯದ ಮಕ್ಕಳು, ಅಪಸ್ಮಾರ, ಕೈಕಾಲು ಸೊಟ್ಟಗಾದವರು, ಕ್ಯಾನ್ಸರ್. ಪಡ್ರೆಯ ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಯಾವ ಮನೆಯಲ್ಲಿ ಯಾರಿಗೆ ಏನಾಗಿದೆ ಎಂದು ಬರೆದಿಡುತ್ತಾ ಹೋದರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಎಂಬ ಕೃಷಿ ಇಲಾಖೆಯ ನೌಕರೆ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ, ಆಕಾಶದಿಂದ ವಿಷ ಸುರಿಯುವುದಕ್ಕೆ ತಡೆ ತಂದರು. ಆಕೆ ಮಲಯಾಳಿ. ಮುಂದೆ ಸುಪ್ರೀಂ ಕೋರ್ಟಿಗೆ ಹೋದದ್ದೂ ಕೇರಳದ ಯುವಜನ ಸಂಘಟನೆ ಡಿವೈಎಫ್‌ಐ. ನಮ್ಮ ಜಗಳ ಮಲಯಾಳಿ ಜನರ ಮೇಲಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಹೋರಾಡುವಾಗ ನಾವು ಬೆಂಗಳೂರಿನಲ್ಲಿ ಏನು ಮಾಡುತ್ತಿದ್ದೆವು ಎಂಬುದಷ್ಟೇ ನನ್ನ ಪ್ರಶ್ನೆ.

"ಸಾಕ್ಷಿ ಎಲ್ಲಿ?"

ವಿಷದಿಂದ ಕಾಯಿಲೆ ಬಿದ್ದವನು ಪರಿಹಾರ ಕೇಳಲು ಹೋದರೆ ಎದುರಾಗುವ ಮೊದಲ ಪ್ರಶ್ನೆ ಇದು. ಬಸ್ಸು ಗುದ್ದಿದರೆ ಬಸ್ಸಿನ ನಂಬರ್ ಇರುತ್ತದೆ. ವಿಷಕ್ಕೆ ನಂಬರ್ ಪ್ಲೇಟ್ ಇಲ್ಲ. ಇವತ್ತು ಒಳಹೋದದ್ದು ಹತ್ತು ವರ್ಷದ ಮೇಲೆ ಎದ್ದು ಬರುತ್ತದೆ. ಅಷ್ಟರಲ್ಲಿ ಡಬ್ಬಿ ಗುಜರಿಗೆ ಹೋಗಿರುತ್ತದೆ, ಮೇಸ್ತ್ರಿ ರಿಟೈರ್ ಆಗಿರುತ್ತಾನೆ. "ನಿಮ್ಮ ವಂಶದಲ್ಲೇ ಈ ಕಾಯಿಲೆ ಇರಬಹುದು" ಎಂದು ವಕೀಲರು ಕೋಟು ಸರಿಮಾಡಿಕೊಂಡು ಹೇಳುತ್ತಾರೆ.

ಕಾಸರಗೋಡಿನಲ್ಲಿ ಆದದ್ದೂ ಇದೇ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2001ರಲ್ಲಿ ಪಡ್ರೆಯ ನೀರು, ಮಣ್ಣು, ರಕ್ತ ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಎಂದಿತು. ಕಾರ್ಪೊರೇಷನ್ ನಿಯೋಜಿಸಿದ ಇನ್ನೊಂದು ಸಂಸ್ಥೆ ಇಲ್ಲ ಎಂದಿತು. ಕಮಿಟಿಯ ಮೇಲೆ ಕಮಿಟಿ ಬಂದವು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ 117 ಶಾಲಾ ಹುಡುಗರನ್ನೂ ಸಿಂಪಡಣೆ ಇಲ್ಲದ ಊರಿನ 90 ಹುಡುಗರನ್ನೂ ಹೋಲಿಸಿ ನೋಡಿದರು. ಪಡ್ರೆಯ ಹುಡುಗರ ರಕ್ತದಲ್ಲಿ ಆ ವಿಷ ಹೆಚ್ಚಿದೆ, ಅವರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟಿಸಿದರು. ಅದನ್ನೂ ಒಪ್ಪದವರಿದ್ದರು, ಈಗಲೂ ಇದ್ದಾರೆ. ನಾನು ಪಿಯುಸಿ ಓದಿದವನು, ಡಾಕ್ಟರಲ್ಲ. ಆ ಊರಿನ ಪ್ರತಿಯೊಂದು ಕಾಯಿಲೆಯೂ ಎಂಡೋಸಲ್ಫಾನ್‌ನಿಂದಲೇ ಬಂತೆಂದು ಹೇಳಲಾರೆ. ಆದರೆ ಒಂದು ಮಾತು ಹೇಳಬಲ್ಲೆ. ಅನುಮಾನದ ಲಾಭ ಕೊಡಬೇಕಾದ್ದು ಹೆಲಿಕಾಪ್ಟರಿಗೋ, ಕೆಳಗೆ ನಿಂತಿದ್ದ ಮಗುವಿಗೋ?

ಸುಪ್ರೀಂ ಕೋರ್ಟು ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಿದೆ. 1985ರಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ, ಅಪಾಯದ ಉದ್ಯಮ ನಡೆಸಿ ಲಾಭ ತಿನ್ನುವವನು ಅದರಿಂದಾದ ಹಾನಿಗೂ ಪೂರ್ತಿ ಹೊಣೆ, "ನಾನು ಎಚ್ಚರಿಕೆಯಿಂದಲೇ ಇದ್ದೆ" ಎಂದು ನುಣುಚಿಕೊಳ್ಳುವಂತಿಲ್ಲ ಎಂದು ಹೇಳಿತು. ತತ್ವ ಚಿನ್ನದಂಥದ್ದು. ಆದರೆ ಆ ಚಿನ್ನ ಪಡೆಯಲು ಕೋರ್ಟಿನ ಮೆಟ್ಟಿಲು ಹತ್ತಬೇಕು, ಕೈಯಲ್ಲಿ ಕಾಗದ ಇರಬೇಕು, ಕಾಗದದಲ್ಲಿ ಏನಿದೆಯೆಂದು ಗೊತ್ತಿರಬೇಕು.

ಎಂಟು ಮಂದಿಗೆ ಮಾತ್ರ!

2011ರ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಯನ್ನು ನಿಲ್ಲಿಸಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಿ ಎಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಮೂರು ತಿಂಗಳು ಹೋಯಿತು. ಮೂರು ವರ್ಷ ಹೋಯಿತು. ಐದು ವರ್ಷವೂ ಹೋಯಿತು.

2022ರ ಮೇ 13. ನಿಷೇಧವಾದ ದಿನಕ್ಕೆ ಸರಿಯಾಗಿ ಹನ್ನೊಂದು ವರ್ಷ. ನ್ಯಾಯಾಂಗ ನಿಂದನೆ ಅರ್ಜಿಯ ವಿಚಾರಣೆಯಲ್ಲಿ ಕೋರ್ಟಿಗೆ ಗೊತ್ತಾದದ್ದೇನು? 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು ಬರೀ 8 ಮಂದಿಗೆ. ಯಾವ ಎಂಟು ಮಂದಿ? ಆ ಅರ್ಜಿ ಹಾಕಿದ ಎಂಟು ಮಂದಿ! ಕೋರ್ಟಿಗೆ ಬಂದವರ ಬಾಯಿಗೆ ಬೀಗ ಹಾಕಿ ಉಳಿದವರನ್ನು ಮರೆತುಬಿಡುವ ಉಪಾಯ. ಕೋರ್ಟು ಕೆಂಡವಾಯಿತು. ಆ ಎಂಟು ಮಂದಿಗೆ ತಲಾ 50,000 ರೂಪಾಯಿ ಖರ್ಚು ಕೊಡಿಸಿತು, ಮುಖ್ಯ ಕಾರ್ಯದರ್ಶಿ ಪ್ರತಿ ತಿಂಗಳೂ ಸಭೆ ನಡೆಸಿ ಉಳಿದವರಿಗೆ ತಲುಪಿಸಬೇಕೆಂದಿತು. ಆ ಛೀಮಾರಿಯಾದ ಮೇಲೆಯೇ ಉಳಿದವರ ಖಾತೆಗೆ ಹಣ ಹೋಗತೊಡಗಿತು. ಆದರೂ ಪಟ್ಟಿಯ ಹೊರಗೆ ಉಳಿದವರ ಗೋಳು ತೀರಲಿಲ್ಲ. 2022ರ ಅಕ್ಟೋಬರಿನಲ್ಲಿ ಎಂಬತ್ತು ದಾಟಿದ ಸಮಾಜಸೇವಕಿ ದಯಾಬಾಯಿ ಅವರಿಗಾಗಿ ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಉಪವಾಸ ಕೂತರು.

ಈ ಎಂಟರ ಲೆಕ್ಕ ನಿಮ್ಮ ತಲೆಯಲ್ಲಿ ಮೊಳೆ ಹೊಡೆದಂತೆ ಕೂರಲಿ. ನೋವು ಎಲ್ಲರಿಗೂ ಒಂದೇ. ಹಣ ಸಿಕ್ಕಿದ್ದು ಕಾಗದ ಹಿಡಿದು ಕೋರ್ಟಿನವರೆಗೆ ಹೋಗಬಲ್ಲವರಿಗೆ. ಮೊದಲು ಪೀಡಿತವೆಂದು ಗುರುತಿಸಿದ 11 ಪಂಚಾಯತಿಗಳಲ್ಲಿ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ ಎಲ್ಲ ಕನ್ನಡ ಬಲ್ಲ ಊರುಗಳು. ಅರ್ಜಿ, ನೋಟಿಸು, ಹಿಂಬರಹ ಮಲಯಾಳಂನಲ್ಲೇ ಬರುತ್ತದೆಂಬುದು ಅಲ್ಲಿನ ಕನ್ನಡಿಗರ ಹಳೆಯ ದೂರು. ಸಾಮಾನ್ಯ ದಿನಗಳಲ್ಲಿ ಅದು ಕಿರಿಕಿರಿ ಅಷ್ಟೇ. ಮಗಳು ಹಾಸಿಗೆ ಹಿಡಿದಿರುವಾಗ, ವೈದ್ಯಕೀಯ ಶಿಬಿರದ ದಿನಾಂಕ ತಪ್ಪಿದರೆ ಪಟ್ಟಿಯಿಂದಲೇ ಹೆಸರು ಬಿಟ್ಟುಹೋಗುವಾಗ, ಅದು ಕಿರಿಕಿರಿಯಲ್ಲ. ಅದು ಅನ್ನ, ಔಷಧಿ.

ಯಾವ ಪ್ರಜೆಯೂ ತನ್ನ ಅಹವಾಲನ್ನು ಆ ರಾಜ್ಯದಲ್ಲಿ ಅಥವಾ ಕೇಂದ್ರದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕನ್ನಡದಲ್ಲಿ ಅರ್ಜಿ ಕೊಡುವುದು ಯಾರ ಭಿಕ್ಷೆಯೂ ಅಲ್ಲ. ಇದನ್ನು ಆ ಹೋಟೆಲ್ ಹುಡುಗನಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ.

ನಮ್ಮ ಸರ್ಕಾರ ಸಾಚಾ ಏನಲ್ಲ

ಕೇರಳವನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಗಡಿ ದಾಟಿ ಈಚೆ ಬನ್ನಿ. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ. ಅಲ್ಲಿ ಅದೇ ಎಂಡೋಸಲ್ಫಾನನ್ನು ಅದೇ ರೀತಿ ಹೆಲಿಕಾಪ್ಟರಿನಿಂದ ಸುರಿದದ್ದು ನಮ್ಮದೇ ಕರ್ನಾಟಕ ಗೇರು ಅಭಿವೃದ್ಧಿ ನಿಗಮ. ಅಲ್ಲಿ ಕಡತವೆಲ್ಲ ಅಚ್ಚ ಕನ್ನಡದಲ್ಲೇ ಇತ್ತು. ಆದರೂ ವಿಷ ನಿಂತು ಹತ್ತು ವರ್ಷವಾದ ಮೇಲೆ, 2011ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ನಿಷೇಧ ಹೇರಿತು. ಹೈಕೋರ್ಟು ಬೆನ್ನು ಹತ್ತಿದ ಮೇಲೆ ತಿಂಗಳಿಗೆ 1,500 ಮತ್ತು 3,000 ರೂಪಾಯಿಯ ಮಾಸಾಶನ ಬಂತು. ಕೊಕ್ಕಡದಲ್ಲೂ ಕೊಯಿಲದಲ್ಲೂ ಪಾಲನಾ ಕೇಂದ್ರ ತೆರೆದರು.

ಅಂದರೆ ಕಾಗದದ ಮೇಲೆ ಕನ್ನಡ ಇದ್ದ ಮಾತ್ರಕ್ಕೆ ನ್ಯಾಯ ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಕನ್ನಡ ಇಲ್ಲದಿದ್ದರೆ ಮಾತ್ರ, ನ್ಯಾಯದ ಬಾಗಿಲು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ.

ಹದಿನಾರನೇ ಒಂದು ಭಾಗ

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಕೀಟನಾಶಕದ ಡಬ್ಬಿಯ ಮೇಲೆ ಮೂಲೆ ಮೇಲಾಗಿ ನಿಲ್ಲಿಸಿದ ಚೌಕವೊಂದು ಇರುತ್ತದೆ, ನೋಡಿದ್ದೀರಾ? ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಎಂದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ಅಮೃತವಲ್ಲ, ವಿಷ ಸ್ವಲ್ಪ ಕಡಿಮೆ ಎಂದರ್ಥ. ಲೇಬಲ್ಲಿನ ಹದಿನಾರನೇ ಒಂದು ಭಾಗಕ್ಕಿಂತ ಆ ಚೌಕ ಚಿಕ್ಕದಿರಬಾರದೆಂದು 1971ರ ಕೀಟನಾಶಕ ನಿಯಮ ಹೇಳುತ್ತದೆ. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಲೇಬಲ್ಲು, ಒಳಗಿನ ಚೀಟಿ ಹಿಂದಿ, ಇಂಗ್ಲಿಷಿನ ಜೊತೆಗೆ ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲೂ ಇರಬೇಕು.

ಅಂಗಡಿಗೆ ಹೋಗಿ ನೋಡಿ. ಎಷ್ಟು ಡಬ್ಬಿಯಲ್ಲಿ ಕನ್ನಡ ಇದೆ? ಇದ್ದರೂ ಯಾವ ಅಳತೆಯಲ್ಲಿ? ಕಂಪನಿಯ ಹೆಸರು ಕಟ್ಟೆಯ ಮೇಲೆ ಕೂತ ಯಜಮಾನನಂತೆ ದಪ್ಪಗಿರುತ್ತದೆ. "ಮಕ್ಕಳ ಕೈಗೆ ಸಿಗದಂತೆ ಇಡಿ" ಎಂಬ ಮಾತು ಇರುವೆ ಸಾಲಿನಂತೆ. ನನ್ನಂಥ ಅಚ್ಚಿನ ಕೆಲಸದವನೇ ಭೂತಗನ್ನಡಿ ಹಿಡಿಯಬೇಕು. ಹಾಸನದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವ ರೈತ ಓದುವುದು ಹೇಗೆ? ನಾಳೆ ಅವನು ಬಿದ್ದರೆ ಕಂಪನಿ ಹೇಳುವ ಮೊದಲ ಮಾತು ಏನು ಗೊತ್ತೇ? "ಲೇಬಲ್ಲಿನಲ್ಲಿ ಎಚ್ಚರಿಕೆ ಕೊಟ್ಟಿದ್ದೆವಲ್ಲ!"

ನೋಡಿ, ಭಾಷೆ ಕೋರ್ಟಿನ ಒಳಗೆ ಬರುವುದು ಹೀಗೆ. ಎಚ್ಚರಿಕೆ ಅರ್ಥವಾಗುವ ಭಾಷೆಯಲ್ಲಿ ಇರಲಿಲ್ಲವೆಂದರೆ ಅದು ಎಚ್ಚರಿಕೆಯೇ ಅಲ್ಲ. ಕನ್ನಡವಿಲ್ಲದ ಡಬ್ಬಿ ನಮ್ಮ ಭಾಷೆಗೆ ಅವಮಾನ ಮಾತ್ರವಲ್ಲ, ಕೇಸಿನಲ್ಲಿ ಅದೊಂದು ಸಾಕ್ಷಿ. ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕೆಂದು ಬೀದಿಗಿಳಿದೆವು, 2024ರಲ್ಲಿ ಕಾನೂನೂ ಆಯಿತು. ಸಂತೋಷ. ಬೋರ್ಡು ಓದದಿದ್ದರೆ ದಾರಿ ತಪ್ಪುತ್ತೇವೆ. ಡಬ್ಬಿ ಓದದಿದ್ದರೆ ಪ್ರಾಣ ತಪ್ಪುತ್ತದೆ.

ನನ್ನ ಪ್ರೆಸ್ಸಿನ ಪಾಪ

ಇಷ್ಟು ಹೇಳಿದವನು ತನ್ನ ಮನೆಯ ಸುದ್ದಿ ಮುಚ್ಚಿಡಬಾರದು.

ನಮ್ಮಪ್ಪನ ಕಾಲದಲ್ಲಿ ಮೊಳೆ ಜೋಡಿಸುತ್ತಿದ್ದರು. ಸೀಸದ ಮೊಳೆ. ಕಂಪೋಸಿಟರುಗಳು ಅದೇ ಕೈಯಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಒಬ್ಬರಿಗೆ ಕೈ ನಡುಗುತ್ತಿತ್ತು, ಹೊಟ್ಟೆನೋವು ಬಿಡುತ್ತಿರಲಿಲ್ಲ. "ವಯಸ್ಸಾಯ್ತು" ಅಂದೆವು. ಅದು ಸೀಸವೋ ವಯಸ್ಸೋ ಇಂದಿಗೂ ಗೊತ್ತಿಲ್ಲ, ಏಕೆಂದರೆ ಯಾರೂ ಪರೀಕ್ಷೆ ಮಾಡಿಸಲಿಲ್ಲ, ಯಾರೂ ಬರೆದಿಡಲಿಲ್ಲ. ಸೀಸದಿಂದ, ಬೆಂಜೀನಿನಿಂದ ಬರುವ ಕಾಯಿಲೆ ಕೆಲಸದಿಂದ ಬಂದ ಕಾಯಿಲೆ, ಅದಕ್ಕೆ ಮಾಲೀಕ ಪರಿಹಾರ ಕೊಡಬೇಕು ಎಂದು 1923ರ ನೌಕರರ ಪರಿಹಾರ ಕಾಯ್ದೆಯಲ್ಲೇ ಪಟ್ಟಿ ಇತ್ತು. ನಮ್ಮಪ್ಪನಿಗೆ ಗೊತ್ತಿರಲಿಲ್ಲ. ಆ ಕಂಪೋಸಿಟರಿಗೂ ಗೊತ್ತಿರಲಿಲ್ಲ.

ಈಗ ಆಫ್‌ಸೆಟ್. ರೋಲರು ತೊಳೆಯಲು ಒಂದು ದ್ರಾವಣ ಬರುತ್ತದೆ. ನಾಲ್ಕು ವರ್ಷದ ಹಿಂದೆ ಷಟರ್ ಹಾಕಿಕೊಂಡು ರಾತ್ರಿ ಪಾಳಿ ಮಾಡುವಾಗ ನನ್ನ ಹುಡುಗ ತಲೆ ತಿರುಗಿ ಮಿಷಿನ್ ಪಕ್ಕದಲ್ಲೇ ಕುಸಿದ. ಡಾಕ್ಟರು "ಏನು ಕೆಮಿಕಲ್?" ಎಂದು ಕೇಳಿದರು. ನನಗೆ ಬ್ರ್ಯಾಂಡಿನ ಹೆಸರು ಬಿಟ್ಟು ಬೇರೇನೂ ಗೊತ್ತಿಲ್ಲ. ಡಬ್ಬಿ ತಂದು ನೋಡಿದರೆ ಎಲ್ಲ ಇಂಗ್ಲಿಷು. "ಗಾಳಿ ಆಡುವ ಕಡೆ ಮಾತ್ರ ಬಳಸಿ" ಎಂದು ಅದರಲ್ಲಿ ಬರೆದಿತ್ತು. ಆ ಹುಡುಗ ರಾಯಚೂರಿನವನು, ಏಳನೇ ಕ್ಲಾಸು. ಅವನು ಓದಲಾರ. ನಾನು ಓದಬಲ್ಲವನಾಗಿದ್ದೂ ಓದಿರಲಿಲ್ಲ. ಕನ್ನಡದ ಕರಪತ್ರ ಅಚ್ಚು ಹಾಕುವ ಅಂಗಡಿಯಲ್ಲಿ, ಕೆಲಸದವನ ಪ್ರಾಣಕ್ಕೆ ಸಂಬಂಧಿಸಿದ ಒಂದು ಸಾಲನ್ನು ಕನ್ನಡದಲ್ಲಿ ಅಂಟಿಸಿರಲಿಲ್ಲ!

ದೇವರ ದಯೆ, ಹುಡುಗ ಸುಧಾರಿಸಿಕೊಂಡ. ಈಗ ಗೋಡೆಯ ಮೇಲೆ ದಪ್ಪಕ್ಷರದ ಕನ್ನಡ ಚೀಟಿ ಇದೆ. ಎರಡು ಎಕ್ಸಾಸ್ಟ್ ಫ್ಯಾನು ಇವೆ. ಆ ದಿನದ ಡಾಕ್ಟರ್ ಚೀಟಿಯ ಮೇಲೆ ದ್ರಾವಣದ ಹೆಸರು ಬರೆಸಿ ಅವನ ಕೈಗೇ ಕೊಟ್ಟಿದ್ದೇನೆ. ನಾಳೆ ಅವನಿಗೇನಾದರೂ ಆದರೆ ಆ ಚೀಟಿ ನನ್ನ ಮೇಲೇ ಸಾಕ್ಷಿ ಹೇಳುತ್ತದೆ. ಹೇಳಲಿ. ಅದು ಅವನ ಹಕ್ಕು.

ಇದು ನನ್ನೊಬ್ಬನ ಕಥೆಯಲ್ಲ. ಕಾಮಾಕ್ಷಿಪಾಳ್ಯದಿಂದ ಪೀಣ್ಯದವರೆಗೆ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಆಸಿಡ್ಡು, ತಿನ್ನರ್, ಪೇಂಟು ಮುಟ್ಟುವ ಹುಡುಗರು ಎಷ್ಟು ಮಂದಿ! ನೀವು, ಇಲ್ಲವೇ ನಿಮ್ಮ ತಮ್ಮಂದಿರು.

ಹುಡುಗರೇ, ಇಷ್ಟು ಮಾಡಿ

ಮೈ ಕೆಟ್ಟ ಮೊದಲ ದಿನವೇ ಡಾಕ್ಟರ ಬಳಿ ಹೋಗಿ, ನೀವು ಮಾಡುವ ಕೆಲಸ, ಮುಟ್ಟುವ ಕೆಮಿಕಲ್ ಎರಡನ್ನೂ ಚೀಟಿಯಲ್ಲಿ ಬರೆಸಿ. ಡಬ್ಬಿಯ ನಾಲ್ಕೂ ಮಗ್ಗುಲಿನ ಫೋಟೋ ತೆಗೆದಿಡಿ. ಯಾವತ್ತು ಏನಾಯಿತು, ಜೊತೆಗೆ ಯಾರಿದ್ದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆಯಿರಿ. ಪಡ್ರೆಯ ಡಾಕ್ಟರು ಬರೆದಿಟ್ಟದ್ದರಿಂದಲೇ ಒಂದು ಊರಿನ ನೋವು ದೆಹಲಿ ಮುಟ್ಟಿತು. ಅರ್ಜಿ ಕನ್ನಡದಲ್ಲೇ ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಚೇರಿ ಬಿಡಬೇಡಿ. ಕಡತ ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಅದರ ಅರ್ಜಿಯೂ ಕನ್ನಡದಲ್ಲೇ ಆಗುತ್ತದೆ.

ತಡ ಮಾಡಬೇಡಿ. ಪರಿಸರ ಹಾನಿಯ ಪರಿಹಾರಕ್ಕೆ ಹಸಿರು ನ್ಯಾಯಮಂಡಳಿಗೆ ಹೋಗಬೇಕಾದರೆ 5 ವರ್ಷದ ಗಡುವು ಇದೆ. ಅದರ ದಕ್ಷಿಣ ಪೀಠ ಇರುವುದು ಚೆನ್ನೈಯಲ್ಲಿ. ಕಾಸಿಲ್ಲ ಎಂದು ಕೂರಬೇಡಿ. ಹೆಂಗಸರು, ಮಕ್ಕಳು, ಅಂಗವಿಕಲರು, ಪರಿಶಿಷ್ಟರು, ಕಾರ್ಖಾನೆ ಕಾರ್ಮಿಕರು ಇವರಿಗೆಲ್ಲ ಸರ್ಕಾರದ ಖರ್ಚಿನಲ್ಲೇ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. 15100ಕ್ಕೆ ಫೋನ್ ಮಾಡಿ.

ಸಂಘಟನೆಯವರಿಗೆ ಒಂದು ಮಾತು. ದೇಶದ ಜಾಣ ಮಕ್ಕಳು ಬಂದು ಕಾನೂನು ಕಲಿಯುವ ರಾಷ್ಟ್ರೀಯ ಕಾನೂನು ಶಾಲೆ ಇರುವುದು ನಮ್ಮ ನಾಗರಬಾವಿಯಲ್ಲೇ. ಅವರ ಹತ್ತಿರ ಇಂಗ್ಲಿಷಿನ ಕಾನೂನು ಇದೆ, ನಮ್ಮ ಹತ್ತಿರ ಕನ್ನಡ ಇದೆ. ಗೇಟಿನ ಹೊರಗೆ ನಿಂತು ಗೊಣಗುವ ಬದಲು ಒಳಗೆ ಹೋಗಿ ಕೇಳೋಣ. ಅವರು ಕಾನೂನು ಹೇಳಲಿ, ನೀವು ಕನ್ನಡದಲ್ಲಿ ಬರೆಯಿರಿ. ವಿಷದಿಂದ ಕಾಯಿಲೆ ಬಿದ್ದವರು ಪರಿಹಾರ ಕೇಳುವುದು ಹೇಗೆ ಎಂಬ ನಾಲ್ಕು ಪುಟದ ಪುಸ್ತಿಕೆ ಸಾಕು. ಮೊದಲ ಸಾವಿರ ಪ್ರತಿ ನನ್ನ ಪ್ರೆಸ್ಸಿನಲ್ಲಿ, ನನ್ನ ಕಾಗದದಲ್ಲಿ, ಪುಕ್ಕಟೆ. ಅದರಲ್ಲಿ ಐನೂರು ಪೆರ್ಲದ ಬಸ್ಸು ಹತ್ತಲಿ.

ಆ ಹೋಟೆಲ್ ಹುಡುಗನಿಂದ ಅಂದು ಜೆರಾಕ್ಸಿನ ದುಡ್ಡು ತೆಗೆದುಕೊಳ್ಳಲಿಲ್ಲ. ಮಲಯಾಳಂ ಬಲ್ಲ ಗೆಳೆಯರೊಬ್ಬರನ್ನು ಕೂರಿಸಿಕೊಂಡು ಇಡೀ ಕಟ್ಟನ್ನು ಓದಿಸಿದೆ. ಒಂದು ಕಾಗದದಲ್ಲಿ ಅಕ್ಕನ ಹುಟ್ಟಿದ ವರ್ಷ ತಪ್ಪಾಗಿ ನಮೂದಾಗಿತ್ತು. ಹತ್ತು ವರ್ಷದಿಂದ ಆ ತಪ್ಪನ್ನು ಮನೆಯವರು ಕವರಿನಲ್ಲಿ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದರು. ತಿದ್ದುಪಡಿಗೆ ಕನ್ನಡದಲ್ಲಿ ಅರ್ಜಿ ಬರೆದೆವು, ಕೆಳಗೆ 350ನೇ ವಿಧಿಯನ್ನೂ ನಮೂದಿಸಿದೆವು. ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ಬಿಡುವುದಿಲ್ಲ.

ನೀವು ಜೊತೆಗಿರುತ್ತೀರಾ?